ರೋಸ್ಟರ್‌ನಿಂದ ರ‍್ಯಾಂಪ್‌ವರೆಗೆ: ಸರ್ಕಾರಿ ಕಚೇರಿಯಲ್ಲಿ ಸಮಾನ ಅವಕಾಶ ತರುವುದು ಹೇಗೆ

ನೇಮಕಾತಿಯಲ್ಲಿ ಅನ್ಯಾಯ ಆಯ್ತು ಎಂದರೆ ಎಲ್ಲರೂ ಬೊಟ್ಟು ಮಾಡುವುದು ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ ಕಡೆ, ಇಲ್ಲವೇ ಪರೀಕ್ಷಾ ಪ್ರಾಧಿಕಾರದ ಕಡೆ. ಆದರೆ ಅವರಿಗೆ ಹೋಗುವ ಪ್ರಸ್ತಾವನೆ ತಯಾರಾಗುವುದು ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ, ಒಬ್ಬ ವಿಷಯ ನಿರ್ವಾಹಕರ ಮೇಜಿನ ಮೇಲೆ. ಎಷ್ಟು ಹುದ್ದೆ ಖಾಲಿ, ಅದರಲ್ಲಿ ಯಾರ ಪಾಲು ಎಷ್ಟು, ಯಾವ ಹುದ್ದೆಗೆ ಕಣ್ಣು ಕಾಣದವರು ಅರ್ಜಿ ಹಾಕಬಹುದು, ಇದೆಲ್ಲ ಅಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ನಾನು ಆ ಮೇಜಿನ ಹಿಂದೆ ಬಹಳ ವರ್ಷ ಕೂತವನು. ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಆ ಮಾತು ಉಳಿಯುವುದೂ ಕೆಡುವುದೂ ನಮ್ಮಂಥವರು ಬರೆಯುವ ಟಿಪ್ಪಣಿಯಲ್ಲಿ. ಹಾಗಾಗಿ ಕಚೇರಿ ಮುಖ್ಯಸ್ಥರು, ಅಧೀಕ್ಷಕರು, ಹೊಸದಾಗಿ ಸಿಬ್ಬಂದಿ ಶಾಖೆಗೆ ಬಂದ ಪ್ರಥಮ, ದ್ವಿತೀಯ ದರ್ಜೆ ಸಹಾಯಕರು, ಅಂದರೆ ಎಫ್‌ಡಿಎ, ಎಸ್‌ಡಿಎಗಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದ ನಿಯಮಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಒಂದು ಹಳೆಯ ವಿಷಯ ಮೊದಲು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಮೈಸೂರು ಸಂಸ್ಥಾನದ ನೌಕರಿಗಳೆಲ್ಲ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿದ್ದ ಕಾಲ ಅದು. ಸಮಿತಿ 1919ರಲ್ಲಿ ವರದಿ ಕೊಟ್ಟಿತು: 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದ ಸಮುದಾಯಗಳವರಿಗೆ ಸಿಗಬೇಕು ಎಂದು. ನನಗೆ ಅದರಲ್ಲಿ ಇವತ್ತಿಗೂ ಇಷ್ಟವಾಗುವುದು ಎರಡು ವಿಷಯ. ಮೇಲಿನ ಹುದ್ದೆ, ಕೆಳಗಿನ ಹುದ್ದೆ ಬೇರೆ ಬೇರೆ ಎಣಿಸಿದರು. ಗುರಿಗೆ ಗಡುವು ಇಟ್ಟರು. ನೂರು ವರ್ಷ ಕಳೆದರೂ ನಮ್ಮ ಎಷ್ಟೋ ಕಚೇರಿಗಳಲ್ಲಿ ಇವೆರಡೂ ಆಗುವುದಿಲ್ಲ.

ಹೆಜ್ಜೆ 1: ಯಾರಿದ್ದಾರೆ, ಎಲ್ಲಿದ್ದಾರೆ ಎಂದು ಎಣಿಸಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ವೃಂದವಾರು, ಅಂದರೆ ಒಂದೊಂದು ಬಗೆಯ ಹುದ್ದೆಗೂ ಬೇರೆ ಬೇರೆಯಾಗಿ, ಮಂಜೂರಾದ ಹುದ್ದೆ, ಭರ್ತಿ, ಖಾಲಿ ಬರೆಯಿರಿ. ಭರ್ತಿಯಾದವರಲ್ಲಿ ಯಾವ ವರ್ಗದವರು ಎಷ್ಟು, ಮಹಿಳೆಯರು ಎಷ್ಟು, ವಿಕಲಚೇತನರು ಎಷ್ಟು, ಲಿಂಗತ್ವ ಅಲ್ಪಸಂಖ್ಯಾತರು (ಟ್ರಾನ್ಸ್‌ಜೆಂಡರ್) ಎಷ್ಟು ಎಂದು ಬಿಡಿಸಿ. ನೌಕರರ ವಿವರ ಇರುವ ಎಚ್‌ಆರ್‌ಎಂಎಸ್ ತಂತ್ರಾಂಶದಿಂದ ಬಹಳಷ್ಟು ಸಿಗುತ್ತದೆ, ಉಳಿದದ್ದಕ್ಕೆ ಸೇವಾ ಪುಸ್ತಕ ತೆಗೆಯಬೇಕು.

ಒಟ್ಟು ಲೆಕ್ಕ ಮಾತ್ರ ನೋಡಿ ಸಮಾಧಾನ ಪಡಬೇಡಿ. ಇಲಾಖೆಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿದ್ದಾರೆ ಎಂದು ಹೇಳಿಕೊಳ್ಳುವುದು ಸುಲಭ. ಗ್ರೂಪ್ ಎ, ಬಿ, ಸಿ, ಡಿ ಬೇರೆ ಮಾಡಿ ನೋಡಿದರೆ ಅವರೆಲ್ಲ ಸಿ ಗ್ರೂಪಿನಲ್ಲೇ ನಿಂತಿದ್ದಾರಾ, ಮೇಲೆ ಹೋಗಿದ್ದಾರಾ ಎಂದು ಗೊತ್ತಾಗುತ್ತದೆ. ಡಿ ಗ್ರೂಪಿನವರಲ್ಲಿ ಶೌಚಾಲಯ, ಗುಡಿಸುವ ಕೆಲಸಕ್ಕೆ ಯಾರನ್ನು ಹಾಕಿದ್ದೀರಿ, ಸಾಹೇಬರ ಚೇಂಬರಿನ ಬಾಗಿಲಿಗೆ ಯಾರನ್ನು ಹಾಕಿದ್ದೀರಿ, ಅದನ್ನೂ ಬರೆಯಿರಿ. ಒಂದೇ ಪದನಾಮ, ಒಂದೇ ಸಂಬಳ ಇದ್ದರೂ ಗುಡಿಸುವವರೆಲ್ಲ ಒಂದೇ ಜಾತಿಯವರು ಎಂದು ಕಂಡರೆ ಅದು ಆಕಸ್ಮಿಕ ಅಲ್ಲ. ಮುಂದಿನ ವಾರದಿಂದಲೇ ಸರದಿ ಮಾಡಿ. ಇದಕ್ಕೆ ಮೇಲಿನಿಂದ ಯಾವ ಆದೇಶವೂ ಬೇಕಾಗಿಲ್ಲ.

ಒಂದು ಎಚ್ಚರ. ಯಾರಾದರೂ ತಮ್ಮ ಅಂಗವೈಕಲ್ಯವನ್ನಾಗಲೀ ಲಿಂಗ ಗುರುತನ್ನಾಗಲೀ ದಾಖಲೆಯಲ್ಲಿ ಹೇಳಿಕೊಂಡಿಲ್ಲ ಎಂದರೆ ಕೆದಕಬೇಡಿ. ಹೇಳಿಕೊಂಡವರದ್ದೂ ಶಾಖೆಯಲ್ಲಿ ಮಾತಿನ ವಸ್ತು ಆಗಬಾರದು.

ಹೆಜ್ಜೆ 2: ರೋಸ್ಟರ್ ರಿಜಿಸ್ಟರ್ ಸರಿ ಮಾಡಿ

ರೋಸ್ಟರ್ ಎಂದರೆ ಎಷ್ಟನೇ ಹುದ್ದೆ ಯಾವ ವರ್ಗಕ್ಕೆ ಎಂದು ಹೇಳುವ ಸರದಿ ಪಟ್ಟಿ, ಅದರ ಒಂದೊಂದು ಸಾಲು ಒಂದು ಬಿಂದು. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ಕೆಡುವುದು ಇಲ್ಲೇ.

ಒಮ್ಮೆ ವರ್ಗವಾಗಿ ಒಂದು ಕಚೇರಿಗೆ ಹೋದಾಗ ಬೀರುವಿನ ಕೆಳಗಿನ ಖಾನೆಯಿಂದ ರೋಸ್ಟರ್ ರಿಜಿಸ್ಟರ್ ತೆಗೆಸಿದೆ. ಕೆಂಪು ರಟ್ಟಿನ ಉದ್ದ ಪುಸ್ತಕ. ಮೊದಲ ಕೆಲವು ಪುಟ ಮಸಿಯಲ್ಲಿ ಚೆನ್ನಾಗಿ ಬರೆದಿದ್ದರು: ಬಿಂದು ಸಂಖ್ಯೆ, ವರ್ಗ, ನೇಮಕವಾದವರ ಹೆಸರು, ಆದೇಶ ಸಂಖ್ಯೆ, ದಿನಾಂಕ, ಷರಾ. ಒಂದು ಹಂತದ ಮೇಲೆ ಬರವಣಿಗೆ ಪೆನ್ಸಿಲಿಗೆ ಬಂತು. ಕೆಲವು ಕಡೆ ಹೆಸರು ಬರೆದು ಅಳಿಸಿದ ಗುರುತು. ಪರಿಶಿಷ್ಟ ಪಂಗಡದ ಎರಡು ಬಿಂದುಗಳ ಎದುರು ಷರಾ ಕಾಲಂನಲ್ಲಿ 'ಅರ್ಹರು ಲಭ್ಯವಿಲ್ಲ' ಎಂದಿತ್ತು, ಕೆಳಗೆ ಸಹಿ ಇಲ್ಲ, ದಿನಾಂಕ ಇಲ್ಲ. ಆ ಎರಡು ಹುದ್ದೆಗಳನ್ನು ಆಮೇಲೆ ಯಾರೂ ಭರ್ತಿಯಾಗದೆ ಉಳಿದ ಮೀಸಲು ಹುದ್ದೆ, ಅಂದರೆ ಬ್ಯಾಕ್‌ಲಾಗ್ ಎಂದು ತೋರಿಸಿರಲಿಲ್ಲ. ಹಳೆಯ ಕಡತಗಳನ್ನೆಲ್ಲ ಹುಡುಕಿಸಿ, ಅವನ್ನು ಮತ್ತೆ ಲೆಕ್ಕಕ್ಕೆ ತಂದು ಪ್ರಸ್ತಾವನೆ ಕಳಿಸುವ ಹೊತ್ತಿಗೆ ಎಂಟು ತಿಂಗಳಾಯಿತು. ಅಷ್ಟು ವರ್ಷಗಳಲ್ಲಿ ವಯಸ್ಸು ಮೀರಿ ಹೋದ ಹುಡುಗರು ಎಷ್ಟು ಜನ ಇದ್ದರೋ ಎಂದು ನನಗೆ ಈಗಲೂ ನೆನಪಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ನೇರ ನೇಮಕಾತಿಗೆ ಒಂದು, ಮುಂಬಡ್ತಿಗೆ ಒಂದು, ಪ್ರತಿ ವೃಂದಕ್ಕೂ ಬೇರೆ ಬೇರೆ ರಿಜಿಸ್ಟರ್ ಇರಲಿ. ಹಿಂದಿನ ನೇಮಕಾತಿ ಯಾವ ಬಿಂದುವಿಗೆ ನಿಂತಿತ್ತೋ ಅದರ ಮುಂದಿನ ಬಿಂದುವಿನಿಂದ ಹೊಸದು ಶುರುವಾಗಬೇಕು. ಪ್ರತಿ ಸಲ ಒಂದರಿಂದ ಶುರು ಮಾಡುವುದು ತುಂಬಾ ಕಡೆ ಕಾಣುವ ತಪ್ಪು. ನಾಲ್ಕು ನಾಲ್ಕು ಹುದ್ದೆ ಬಿಡಿಬಿಡಿಯಾಗಿ ಕರೆದು, ಪ್ರತಿ ಸಲ ಒಂದನೇ ಬಿಂದುವಿಗೇ ವಾಪಸ್ ಹೋದರೆ ಕೆಳಗಿನ ಬಿಂದುಗಳಲ್ಲಿರುವ ವರ್ಗಗಳಿಗೆ ಸರದಿ ಬರುವುದೇ ಇಲ್ಲ. ಪೆನ್ಸಿಲ್ ಬೇಡ. ಪ್ರತಿ ನಮೂದಿಗೂ ಕಚೇರಿ ಮುಖ್ಯಸ್ಥರ ಸಹಿ ಬೇಕು. ಭರ್ತಿಯಾಗದ ಮೀಸಲು ಹುದ್ದೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು, ಅದನ್ನು ಆ ವರ್ಷದ ಶೇ. 50ರ ಮಿತಿಯೊಳಗೆ ಸೇರಿಸಬೇಕಾಗಿಲ್ಲ. 2000ದಲ್ಲಿ ಬಂದ ಸಂವಿಧಾನದ 81ನೇ ತಿದ್ದುಪಡಿ ಇದನ್ನು ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದ ಬ್ಯಾಕ್‌ಲಾಗ್ ತುಂಬಲು ನಮ್ಮ ರಾಜ್ಯದಲ್ಲಿ 2001ರ ವಿಶೇಷ ನೇಮಕಾತಿ ನಿಯಮಗಳೇ ಇವೆ.

ಶೇಕಡಾವಾರು ಲೆಕ್ಕವನ್ನು ಮಾತ್ರ ನೆನಪಿನ ಮೇಲೆ ಹಾಕಬೇಡಿ. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲು 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೆ ಏರಿತು. 2025ರಲ್ಲಿ ಪರಿಶಿಷ್ಟ ಜಾತಿಯ ಪಾಲನ್ನು ಅದರೊಳಗಿನ ಗುಂಪುಗಳಿಗೆ ಹಂಚುವ ಒಳಮೀಸಲಾತಿಯ ತೀರ್ಮಾನ ಬಂತು. ಕೋರ್ಟಿನಲ್ಲೂ ವಿಚಾರ ನಡೆದಿದೆ. ಪ್ರಸ್ತಾವನೆ ಕಳಿಸುವ ದಿನ ಜಾರಿಯಲ್ಲಿರುವ ಡಿಪಿಎಆರ್ (ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ) ಆದೇಶದ ಪ್ರತಿಯನ್ನು ಕಡತದಲ್ಲೇ ಲಗತ್ತಿಸಿ, ಟಿಪ್ಪಣಿಯಲ್ಲಿ ಅದರ ಸಂಖ್ಯೆ ಬರೆಯಿರಿ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಕಚೇರಿ ಇದ್ದರೆ ಸಂವಿಧಾನದ 371ಜೆ ವಿಧಿ ಬರುತ್ತದೆ. ಅಲ್ಲಿನ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ, ಬಿಗೆ ಶೇ. 75, ಗ್ರೂಪ್ ಸಿಗೆ ಶೇ. 80, ಗ್ರೂಪ್ ಡಿಗೆ ಶೇ. 85 ಹುದ್ದೆ ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲೂ ಶೇ. 8 ಇದೆ, ಬೆಂಗಳೂರಿನ ಕಚೇರಿಯವರು ಇದನ್ನು ಮರೆಯುತ್ತಾರೆ. ಸ್ಥಳೀಯ ವೃಂದಕ್ಕೂ ಉಳಿಕೆ ಮೂಲ ವೃಂದಕ್ಕೂ (ಸ್ಥಳೀಯ ವೃಂದ ಬಿಟ್ಟು ಉಳಿದ ಹುದ್ದೆಗಳು) ರೋಸ್ಟರ್ ಬೇರೆ.

ಹೆಜ್ಜೆ 3: ಸಮತಲ ಮೀಸಲಾತಿಯ ಲೆಕ್ಕ ತಪ್ಪಬೇಡಿ

ಜಾತಿ, ವರ್ಗದ ಮೀಸಲಾತಿ ಮೇಲಿನಿಂದ ಕೆಳಗೆ ಹೋಗುತ್ತದೆ ಎಂದುಕೊಂಡರೆ, ಮಹಿಳೆಯರು, ವಿಕಲಚೇತನರು, ಲಿಂಗತ್ವ ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದಲ್ಲಿ ಓದಿದವರು, ಯೋಜನಾ ನಿರಾಶ್ರಿತರು, ಇವರದ್ದೆಲ್ಲ ಅಡ್ಡಡ್ಡ ಹೋಗುತ್ತದೆ. ಅಂದರೆ ಪ್ರತಿ ವರ್ಗದ ಒಳಗೂ ಇವರಿಗೆ ಪಾಲು ಇದೆ. ಮಹಿಳೆಯರಿಗೆ ಶೇ. 33, ಮಾಜಿ ಸೈನಿಕರಿಗೆ 10, ಗ್ರಾಮೀಣದವರಿಗೆ 25, ಕನ್ನಡ ಮಾಧ್ಯಮಕ್ಕೆ 5, ಯೋಜನಾ ನಿರಾಶ್ರಿತರಿಗೆ 5, ಲಿಂಗತ್ವ ಅಲ್ಪಸಂಖ್ಯಾತರಿಗೆ 1.

ಒಂದು ಸಣ್ಣ ಲೆಕ್ಕ. ಒಂದು ವರ್ಗಕ್ಕೆ 10 ಹುದ್ದೆ, ಅದರಲ್ಲಿ ಮಹಿಳೆಯರಿಗೆ 3. ಮೊದಲು ಆ ವರ್ಗದ 10 ಜನರನ್ನು ಅಂಕದ ಮೇಲೆ ಆರಿಸಿ. ಅದರಲ್ಲಿ 3 ಅಥವಾ ಹೆಚ್ಚು ಮಹಿಳೆಯರು ಬಂದಿದ್ದರೆ ಕೆಲಸ ಮುಗಿಯಿತು. ಇಬ್ಬರೇ ಬಂದಿದ್ದರೆ ಪಟ್ಟಿಯ ಕೊನೆಯ ಪುರುಷ ಅಭ್ಯರ್ಥಿಯ ಜಾಗಕ್ಕೆ ಅದೇ ವರ್ಗದ ಮುಂದಿನ ಮಹಿಳೆ ಬರುತ್ತಾರೆ. 2007ರ ರಾಜೇಶ್ ಕುಮಾರ್ ದರಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಧಾನ ಬಿಡಿಸಿ ಹೇಳಿದೆ. ಐದು ಜನ ಮಹಿಳೆಯರು ಅಂಕದ ಮೇಲೆ ಬಂದಿದ್ದರೆ 'ಮೂರಕ್ಕಿಂತ ಜಾಸ್ತಿ ಆಯ್ತು' ಎಂದು ಇಬ್ಬರನ್ನು ತೆಗೆಯುವ ಹಾಗಿಲ್ಲ. 33 ಎನ್ನುವುದು ಕನಿಷ್ಠ, ಗರಿಷ್ಠ ಅಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ 'ಸಾಮಾನ್ಯ ವರ್ಗ' ಎಂಬ ಪದದ್ದು. ಅದು ಯಾವ ಜಾತಿಗೂ ಮೀಸಲಾದದ್ದಲ್ಲ, ಎಲ್ಲರಿಗೂ ತೆರೆದಿರುವ ಜಾಗ. ಹಿಂದುಳಿದ ವರ್ಗಗಳಲ್ಲೊಂದಾದ 2ಎ ವರ್ಗದ ಹೆಣ್ಣುಮಗಳೊಬ್ಬಳ ಅಂಕ ಸಾಮಾನ್ಯ ಮಹಿಳೆಯರ ಕಟ್‌ಆಫ್‌ಗಿಂತ ಹೆಚ್ಚಿದ್ದರೆ ಅವಳನ್ನು ಅಲ್ಲಿಯೇ ಪರಿಗಣಿಸಬೇಕು. 2020ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೆಬಲ್ ನೇಮಕಾತಿಯ ಸೌರವ್ ಯಾದವ್ ಪ್ರಕರಣದಲ್ಲಿ ಕೋರ್ಟ್ ಇದನ್ನೇ ಹೇಳಿತು. ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಡುವ ಮುನ್ನ ಇದೊಂದನ್ನು ಇಬ್ಬರು ಬೇರೆ ಬೇರೆ ಕೂತು ತಾಳೆ ನೋಡಿ.

ಹೆಜ್ಜೆ 4: 'ಈ ಹುದ್ದೆ ಅವರಿಗೆ ಆಗಲ್ಲ' ಎಂದು ಬರೆಯುವ ಮುನ್ನ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 21 ಬಗೆಯ ಅಂಗವೈಕಲ್ಯ ಅದರಲ್ಲಿ ಸೇರಿವೆ. ಕನಿಷ್ಠ ಶೇ. 4 ಹುದ್ದೆ ಮೀಸಲಿಡಬೇಕು: ದೃಷ್ಟಿದೋಷಕ್ಕೆ 1, ಶ್ರವಣದೋಷಕ್ಕೆ 1, ದೈಹಿಕ ಚಲನೆಯ ತೊಂದರೆಗೆ 1, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲ ಸೇರಿ 1. ನಮ್ಮ ರಾಜ್ಯದಲ್ಲಿ ಗ್ರೂಪ್ ಎ, ಬಿಗೆ ಶೇ. 4, ಸಿ, ಡಿಗೆ ಶೇ. 5. ಲಾಭ ಸಿಗಲು ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಇರಬೇಕು.

ಯಾವ ಹುದ್ದೆಯನ್ನು ಯಾವ ಅಂಗವೈಕಲ್ಯದವರು ಮಾಡಬಹುದು ಎಂಬ ಪಟ್ಟಿ ಇಲಾಖೆಗಳಿಂದ ಹೋಗುತ್ತದೆ. ಆಗ ಸುಮ್ನೆ ಪದನಾಮ ನೋಡಿ 'ಸೂಕ್ತವಲ್ಲ' ಎಂದು ಬರೆದು ಕಳಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹುದ್ದೆಯನ್ನು ಕೆಲಸಗಳಾಗಿ ಬಿಡಿಸಿ. ಕೂತು ಮಾಡುವುದೆಷ್ಟು, ಓಡಾಡುವುದೆಷ್ಟು, ಓದಬೇಕಾ, ಕೇಳಬೇಕಾ, ಫೀಲ್ಡಿಗೆ ತಿಂಗಳಿಗೆ ಎಷ್ಟು ದಿನ? ಪ್ರತಿಯೊಂದರ ಎದುರು ಯಾವ ಸಲಕರಣೆ ಇದ್ದರೆ ಆಗುತ್ತದೆ ಎಂದು ಬರೆಯಿರಿ. ಇಡೀ ಹುದ್ದೆಗೆ ವಿನಾಯಿತಿ ಬೇಕು ಎಂದರೂ ಅದನ್ನು ಕೊಡುವುದು ಸರ್ಕಾರ, ಅದೂ ಅಂಗವಿಕಲರ ಆಯುಕ್ತರ ಜೊತೆ ಸಮಾಲೋಚಿಸಿ. ಕಚೇರಿ ಮಟ್ಟದಲ್ಲಿ ಆ ಅಧಿಕಾರ ನಮಗಿಲ್ಲ. ಕಣ್ಣು ಕಾಣದವರು ನ್ಯಾಯಾಧೀಶರಾಗಬಹುದು ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಗುಮಾಸ್ತೆ ಕೆಲಸ ಆಗಲ್ಲ ಎನ್ನಲು ನಮ್ಮ ಹತ್ತಿರ ಯಾವ ಕಾರಣ ಇದೆ?

ಹೆಜ್ಜೆ 5: ಅಧಿಸೂಚನೆ ತಲುಪಬೇಕಾದವರಿಗೆ ತಲುಪಲಿ

ಗೆಜೆಟ್‌ನಲ್ಲಿ ಬಂತು, ವೆಬ್‌ಸೈಟಿಗೆ ಹಾಕಿದೆವು, ಎರಡು ಪತ್ರಿಕೆಗೆ ಕೊಟ್ಟೆವು ಎಂದರೆ ಮುಗಿಯಲಿಲ್ಲ. ನಮ್ಮ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು, ಜನ ಅವರನ್ನು ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಅಧಿಸೂಚನೆ ಕಳಿಸಿದರೆ ಅವರ ಮೂಲಕ ಹಳ್ಳಿ ಹಳ್ಳಿಗೆ ಹೋಗುತ್ತದೆ. ವಿಶೇಷ ಉದ್ಯೋಗ ವಿನಿಮಯ ಕೇಂದ್ರಕ್ಕೆ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ, ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳಿಗೆ ಒಂದೊಂದು ಪ್ರತಿ ಕಳಿಸಿ. ಖರ್ಚು ಅಂಚೆಯದ್ದು ಅಷ್ಟೇ, ವಾಟ್ಸಾಪ್ ಆದರೆ ಅದೂ ಇಲ್ಲ.

ಭಾಷೆ ಸರಳ ಇರಲಿ. ಅರ್ಹ ಅಭ್ಯರ್ಥಿಗಳು ಕೈತಪ್ಪಿ ಹೋಗುವುದು ಅಂಕ ಕಡಿಮೆ ಬಿದ್ದು ಮಾತ್ರ ಅಲ್ಲ, ಪ್ರಮಾಣ ಪತ್ರದ ದಿನಾಂಕ ತಪ್ಪಿ, ನಮೂನೆ ತಪ್ಪಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ 1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಓದಿದ್ದಕ್ಕೆ ಶಾಲೆಯಿಂದ ಪತ್ರ ಬೇಕು. ಯಾವ ಪತ್ರ, ಯಾವ ದಿನದೊಳಗೆ ಎಂಬುದನ್ನು ಇಪ್ಪತ್ತನೇ ಪುಟದಲ್ಲಿ ಹುದುಗಿಸದೆ ಮೊದಲ ಪುಟದಲ್ಲೇ ಹಾಕಿ. ಹೊಲದ ಕೆಲಸ ಮುಗಿಸಿ ಸಂಜೆ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವ ಹುಡುಗಿಗೆ ಅರ್ಥ ಆಗಬೇಕು, ಅದೇ ಅಳತೆ.

ಅರ್ಜಿಯಲ್ಲಿ ಗಂಡು, ಹೆಣ್ಣು, ಇತರೆ ಎಂಬ ಮೂರು ಆಯ್ಕೆ ಇರಲೇಬೇಕು. ಪೊಲೀಸ್ ನೇಮಕಾತಿಯ ಅಧಿಸೂಚನೆಯಲ್ಲಿ ಎರಡೇ ಕಾಲಂ ಇದ್ದುದನ್ನು ಲಿಂಗತ್ವ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅದರಿಂದಾಗಿ 2021ರಲ್ಲಿ ಸರ್ಕಾರ 1977ರ ಸಾಮಾನ್ಯ ನೇಮಕಾತಿ ನಿಯಮಗಳನ್ನು ತಿದ್ದಿ ಶೇ. 1 ಮೀಸಲಾತಿ ತಂದಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಹೆಮ್ಮೆಯ ವಿಷಯ ಅಲ್ವಾ? ಆದರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಮೂರನೇ ಆಯ್ಕೆ ಒತ್ತಿದರೆ ಅರ್ಜಿ ಮುಂದೆ ಹೋಗುತ್ತದಾ ಎಂದು ನೀವೇ ಒಮ್ಮೆ ತುಂಬಿ ನೋಡಿ.

ಪರೀಕ್ಷೆಯ ಬಗ್ಗೆ ಎರಡು ಮಾತು. ಬರೆಯಲು ಸಹಾಯಕರು ಬೇಕಾದವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅವರ ಕೋಣೆ ನೆಲಮಹಡಿಯಲ್ಲಿರಲಿ, ಕೇಂದ್ರದ ಮೇಲ್ವಿಚಾರಕರಿಗೆ ಹಿಂದಿನ ದಿನವೇ ಬರವಣಿಗೆಯಲ್ಲಿ ತಿಳಿಸಿ. ಪರೀಕ್ಷೆಯ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಿಸಿಕೊಂಡು ಕಾಗದ ಹುಡುಕಿದರೆ ಅರ್ಧ ಪರೀಕ್ಷೆ ಅಲ್ಲೇ ಹೋಯಿತು. ಗುತ್ತಿಗೆ ಹುದ್ದೆಗಳಿಗೆ ಸಂದರ್ಶನ ಇಟ್ಟರೆ ಎಲ್ಲರಿಗೂ ಒಂದೇ ಪ್ರಶ್ನೆ ಪಟ್ಟಿ ಇಟ್ಟುಕೊಳ್ಳಿ. 'ಮದುವೆ ಯಾವಾಗ', 'ಮಕ್ಕಳನ್ನು ಯಾರು ನೋಡ್ಕೋತಾರೆ' ಎಂದು ಹೆಣ್ಣುಮಕ್ಕಳನ್ನು ಮಾತ್ರ ಕೇಳುವ ಸದಸ್ಯರಿದ್ದರೆ ಅಧ್ಯಕ್ಷರು ಅಲ್ಲೇ ತಡೆಯಬೇಕು.

ಹೆಜ್ಜೆ 6: ಸೀಟು ಹಂಚುವಾಗ

ಮೀಸಲಾತಿ ಒಬ್ಬರನ್ನು ಕಚೇರಿ ಬಾಗಿಲಿನ ತನಕ ತರುತ್ತದೆ. ಒಳಗೆ ಯಾವ ಕುರ್ಚಿ ಕೊಡುತ್ತೇವೆ ಎಂಬುದು ನಮಗೆ ಬಿಟ್ಟದ್ದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದು, ಆದರೆ ಇದಕ್ಕೆ ರಿಜಿಸ್ಟರೂ ಇಲ್ಲ, ರೋಸ್ಟರೂ ಇಲ್ಲ.

ನಮ್ಮ ಶಾಖೆಗೆ ದೃಷ್ಟಿ ತೀರಾ ಕಡಿಮೆ ಇದ್ದ ಎಸ್‌ಡಿಎ ಒಬ್ಬರು ಬಂದರು. ಏನು ಕೆಲಸ ಕೊಡುವುದು ಎಂದು ಯಾರಿಗೂ ಗೊತ್ತಾಗಲಿಲ್ಲ. ಆವಕ ಜಾವಕದ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದೆವು. ಫೋನ್ ಬಂದರೆ ಎತ್ತುವುದು, ಉಳಿದ ಹೊತ್ತು ಸುಮ್ಮನೆ ಇರುವುದು. ನಾವು ಅದನ್ನು ಉಪಕಾರ ಎಂದುಕೊಂಡಿದ್ದೆವು. ಮೂರು ತಿಂಗಳಾದ ಮೇಲೆ ಒಂದು ದಿನ ಅವರೇ ಬಂದು, 'ಸರ್, ನನಗೂ ಒಂದು ಕಡತ ಕೊಡಿ. ಸಂಬಳ ತಗೊಂಡು ಮನೆಗೆ ಹೋಗೋಕೆ ನಾಚಿಕೆ ಆಗುತ್ತೆ' ಎಂದರು. ಆ ಮಾತು ನನಗೆ ಚೆನ್ನಾಗಿ ನಾಟಿತು.

ಅವರಿಗೆ ಕಂಪ್ಯೂಟರ್ ಬರುತ್ತಿತ್ತು. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಹಾಕಿಕೊಟ್ಟೆವು. ಮೊದಲ ದಿನವೇ ಒಂದು ತೊಡಕು. ನಮ್ಮ ಹಳೆಯ ಪತ್ರಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದವು. ತೆರೆದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ಬೇರೆ ಅಕ್ಷರಗಳು. ತಂತ್ರಾಂಶ ಅರ್ಥವಿಲ್ಲದ ಶಬ್ದಗಳನ್ನು ಒದರುತ್ತಿತ್ತು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದಕ್ಕೆ ಖಾಲಿ ಚಿತ್ರ ಅಷ್ಟೇ. ಅವತ್ತಿನಿಂದ ಶಾಖೆಯಲ್ಲಿ ಎಲ್ಲರೂ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು ಎಂದು ಮಾಡಿದೆವು. ಆಮೇಲೆ ಅವರು ರಜೆ, ಹಬ್ಬದ ಮುಂಗಡ, ವೈದ್ಯಕೀಯ ವೆಚ್ಚದ ಕಡತಗಳನ್ನು ನೋಡಿಕೊಂಡರು. ಟಿಪ್ಪಣಿ ನಮಗಿಂತ ಚೊಕ್ಕವಾಗಿರುತ್ತಿತ್ತು.

ಹಾಗಾಗಿ ನನ್ನ ಸಲಹೆ ಇಷ್ಟು. ಹೊಸಬರು ಬಂದ ದಿನವೇ 'ಕೆಲಸ ಮಾಡಲು ನಿಮಗೆ ಏನು ಬೇಕು' ಎಂದು ಅವರನ್ನೇ ಕೇಳಿ, ಉತ್ತರವನ್ನು ಕಡತದಲ್ಲಿ ಬರೆಯಿರಿ. ಕೆಲಸಕ್ಕೆ ಸೂಕ್ತ ಅನುಕೂಲ ಮಾಡಿಕೊಡುವುದು ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಕಚೇರಿಯ ಹೊಣೆ. ಸೇವೆಯಲ್ಲಿದ್ದಾಗ ಅಪಘಾತವಾಗಿ ಅಂಗವೈಕಲ್ಯ ಬಂದರೂ ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಅದೇ ವೇತನಶ್ರೇಣಿಯಲ್ಲಿ ಬೇರೆ ಹುದ್ದೆಗೆ ಬದಲಿಸಬೇಕು, ಇಲ್ಲವಾದರೆ ಹೆಚ್ಚುವರಿ ಹುದ್ದೆಯಲ್ಲಿ ಇಡಬೇಕು.

ಮಹಿಳೆಯರಿಗೂ ಇದೇ ಆಗುತ್ತದೆ. ಲೆಕ್ಕಪತ್ರ, ಟೆಂಡರ್, ಫೀಲ್ಡ್ ತಪಾಸಣೆ ಎಲ್ಲ ಗಂಡಸರಿಗೆ, ಟೈಪಿಂಗ್ ಮತ್ತು ಟಪಾಲು ಹೆಂಗಸರಿಗೆ ಎಂಬ ಅಭ್ಯಾಸ ಎಲ್ಲೂ ಬರೆದಿಲ್ಲ, ಆದರೂ ನಡೆಯುತ್ತದೆ. ಮುಂದೆ ಅಧೀಕ್ಷಕ ಹುದ್ದೆಗೆ ಬಂದಾಗ 'ಆ ಮೇಡಂಗೆ ಲೆಕ್ಕದ ಅನುಭವ ಇಲ್ಲ' ಎನ್ನುವವರೂ ನಾವೇ. ಎರಡು ವರ್ಷಕ್ಕೊಮ್ಮೆ ಸೀಟು ಬದಲಿಸಿ, ಎಲ್ಲರೂ ಎಲ್ಲ ಕೆಲಸ ಕಲಿಯಲಿ.

ಲಿಂಗತ್ವ ಅಲ್ಪಸಂಖ್ಯಾತರು ಕೆಲಸಕ್ಕೆ ಸೇರುವ ಹಿಂದಿನ ದಿನವೇ ಶಾಖೆಯವರನ್ನು ಕೂರಿಸಿ ಮಾತಾಡಿ. ಅವರು ಹೇಳುವ ಹೆಸರಿನಲ್ಲೇ ಕರೆಯಬೇಕು, ಯಾವ ಶೌಚಾಲಯ ಬಳಸುತ್ತಾರೆ ಎಂಬುದು ಅವರ ಆಯ್ಕೆ, ದೇಹದ ಬಗ್ಗೆ ಪ್ರಶ್ನೆ ಬೇಡ. ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣ ಪತ್ರ ತಂದರೆ ಸೇವಾ ಪುಸ್ತಕದಲ್ಲಿ ಹೆಸರು ಬದಲಿಸಲು ತಿಂಗಳುಗಟ್ಟಲೆ ಅಲೆಸಬೇಡಿ.

ಹೆಜ್ಜೆ 7: ಕಟ್ಟಡ ಒಮ್ಮೆ ಸುತ್ತಿ ಬನ್ನಿ

ಗಾಲಿಕುರ್ಚಿ ಬಳಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಗೇಟಿನಿಂದ ನಿಮ್ಮ ಮೇಜಿನ ತನಕ ಬನ್ನಿ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಗುರುತು ಹಾಕಿ. ರ‍್ಯಾಂಪಿನ ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಎಷ್ಟೋ ಕಟ್ಟಡಗಳಲ್ಲಿ ಜಾಗ ಉಳಿಸಲು ಅದನ್ನು ಜಾರುಬಂಡೆಯ ಹಾಗೆ ಕಟ್ಟಿರುತ್ತಾರೆ. ಸರಿಯಾಗಿ ಕಟ್ಟಿದ ಕಡೆ ಬುಡದಲ್ಲಿ ಹೂಕುಂಡ ಇಲ್ಲವೇ ಸ್ಕೂಟರ್ ನಿಂತಿರುತ್ತದೆ. ಮಹಿಳೆಯರ ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರವೋ, ಇದೂ ನಮ್ಮಲ್ಲಿ ಕಾಣುವ ದೃಶ್ಯ. ನೀರು, ಕೊಂಡಿ, ಬಕೆಟ್, ಕಸದ ಡಬ್ಬಿ ಇದೆಯಾ ಎಂದು ವಾರಕ್ಕೊಮ್ಮೆ ನೋಡುವ ಹೊಣೆ ಒಬ್ಬರ ಹೆಸರಿಗೆ ಬರೆಯಿರಿ.

ಹೆಜ್ಜೆ 8: ರಜೆ, ತರಬೇತಿ, ಮುಂಬಡ್ತಿ

ಹೆರಿಗೆ ರಜೆ 180 ದಿನ, ತಂದೆಗೆ 15 ದಿನ, ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 180 ದಿನ ಶಿಶುಪಾಲನಾ ರಜೆ. ಇವು ಹಕ್ಕುಗಳು, ಕೊಡುವವರ ದಯೆ ಅಲ್ಲ. ಗುತ್ತಿಗೆಯವರಿಗೆ ಹೆರಿಗೆ ರಜೆ ಇಲ್ಲ ಎಂದು ಹೇಳಿ ಕಳಿಸುವ ಅಭ್ಯಾಸ ಬಿಡಿ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತರಬೇತಿಗೆ ಯಾರ ಹೆಸರು ಹೋಗುತ್ತದೆ ಎಂದು ಮೂರು ವರ್ಷದ ಪಟ್ಟಿ ತೆಗೆದು ನೋಡಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಪ್ರತಿ ಸಲ ಅದೇ ನಾಲ್ಕು ಜನ ಹೋಗಿ ಬರುತ್ತಿದ್ದರೆ ಪಟ್ಟಿ ಮಾಡುವ ರೀತಿಯೇ ಸರಿ ಇಲ್ಲ. 'ಮೇಡಂ ಬರಲ್ಲ, ಮಗು ಚಿಕ್ಕದು' ಎಂದು ಅವರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ, ಕೇಳಿ.

ಜ್ಯೇಷ್ಠತಾ ಪಟ್ಟಿಯನ್ನು ಕಾಲಕಾಲಕ್ಕೆ ಹೊರಡಿಸಿ. ಮುಂಬಡ್ತಿಯಲ್ಲಿ ಮೀಸಲಾತಿ, ಅದರ ಜೊತೆ ಬರುವ ಜ್ಯೇಷ್ಠತೆಯ ವಿಷಯದಲ್ಲಿ ನಮ್ಮ ರಾಜ್ಯದ್ದೇ ದೊಡ್ಡ ಇತಿಹಾಸ ಇದೆ. 2017ರ ಬಿ.ಕೆ. ಪವಿತ್ರ ತೀರ್ಪಿನಲ್ಲಿ ಹಾಗೆ ಜ್ಯೇಷ್ಠತೆ ಕೊಡುವ ಹಳೆಯ ಕಾಯ್ದೆ ಬಿತ್ತು. ಸರ್ಕಾರ ನೇಮಿಸಿದ ರತ್ನಪ್ರಭಾ ಸಮಿತಿ ಅಂಕಿಅಂಶ ಕಲೆ ಹಾಕಿ ವರದಿ ಕೊಟ್ಟಿತು. ಅದರ ಮೇಲೆ ಬಂದ ಹೊಸ ಕಾಯ್ದೆಯನ್ನು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಲೆಕ್ಕ ಇದ್ದದ್ದಕ್ಕೆ ಕಾಯ್ದೆ ಉಳಿಯಿತು. ನಿಮ್ಮ ಹೆಜ್ಜೆ 1ರ ಹಾಳೆ ಅಂಥ ಲೆಕ್ಕದ ಒಂದು ತುಣುಕು.

ಹೆಜ್ಜೆ 9: ದೂರು ಹೇಳಲು ಜಾಗ ಇರಲಿ

ಹತ್ತು ಮತ್ತು ಹೆಚ್ಚು ಜನ ಇರುವ ಪ್ರತಿ ಕಚೇರಿಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. 2013ರ ಕಾಯ್ದೆ ಹೇಳುವುದು ಹೀಗೆ: ಅಧ್ಯಕ್ಷರು ಹಿರಿಯ ದರ್ಜೆಯ ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಅವಧಿ ಗರಿಷ್ಠ 3 ವರ್ಷ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬಹುದು, ಕಾರಣ ಇದ್ದರೆ ಇನ್ನೂ 3 ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನಿಮ್ಮ ಸಮಿತಿಯ ಆದೇಶ ತೆಗೆದು ನೋಡಿ. ಅದರಲ್ಲಿ ನಿವೃತ್ತರಾದವರ, ವರ್ಗವಾಗಿ ಹೋದವರ ಹೆಸರು ಇನ್ನೂ ಇದ್ದರೆ ಸಮಿತಿ ಇಲ್ಲ ಎಂದೇ ಅರ್ಥ. ಹೊರಗುತ್ತಿಗೆಯ ಸ್ವಚ್ಛತಾ ಕೆಲಸದ ಅಕ್ಕಂದಿರೂ ಇದೇ ಸಮಿತಿಗೆ ದೂರು ಕೊಡಬಹುದು. ಅವರಿಗೆ ಈ ವಿಷಯ ಬಾಯಿಮಾತಿನಲ್ಲಿ ಹೇಳಿ, ಫಲಕ ಓದಲಿ ಎಂದು ಬಿಡಬೇಡಿ.

ವಿಕಲಚೇತನರಿಗಾಗಿ ಕುಂದುಕೊರತೆ ಅಧಿಕಾರಿ, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರ ಅವರ ಹಕ್ಕುಗಳ ರಕ್ಷಣೆಯ ಕಾಯ್ದೆಯ ಪ್ರಕಾರ ದೂರು ಅಧಿಕಾರಿ ಕೂಡ ನೇಮಕವಾಗಬೇಕು. ಸಮಾನ ಅವಕಾಶ ನೀತಿ ಬರೆದು ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. ಎರಡು ಪುಟದ್ದಾದರೂ ಸಾಕು, ಬೇರೆ ಕಚೇರಿಯದ್ದನ್ನು ನಕಲು ಮಾಡಬೇಡಿ.

ಹೊರಗುತ್ತಿಗೆ ಎಂದಾಗ ನೆನಪಾಯಿತು. 2024ರಲ್ಲಿ ಸರ್ಕಾರ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಇರಬೇಕು, ಮಹಿಳೆಯರಿಗೆ ಶೇ. 33 ಇರಬೇಕು ಎಂದು ಆದೇಶ ಮಾಡಿತು. ಟೆಂಡರ್ ದಾಖಲೆಯಲ್ಲೇ ಈ ಷರತ್ತು ಹಾಕಿ. ಬಿಲ್ ಪಾಸು ಮಾಡುವಾಗ ಏಜೆನ್ಸಿಯಿಂದ ವರ್ಗವಾರು ಪಟ್ಟಿ ಕೇಳಿ, ಇಲ್ಲವಾದರೆ ಆ ಆದೇಶ ಕಾಗದದಲ್ಲೇ ಇರುತ್ತದೆ.

ಹೆಜ್ಜೆ 10: ವರ್ಷಕ್ಕೊಮ್ಮೆ ಅದೇ ಹಾಳೆ ಮತ್ತೆ ತೆಗೆಯಿರಿ

ಏಪ್ರಿಲ್ ಮೊದಲ ವಾರ ಒಂದು ದಿನ ಇದಕ್ಕೇ ಇಡಿ. ಹೋದ ವರ್ಷದ ಹಾಳೆ, ಈ ವರ್ಷದ ಹಾಳೆ ಪಕ್ಕಪಕ್ಕ ಇಟ್ಟು ಎಷ್ಟು ಬ್ಯಾಕ್‌ಲಾಗ್ ಕಡಿಮೆಯಾಯಿತು, ಎಷ್ಟು ಸೀಟು ಬದಲಾಯಿತು, ಎಷ್ಟು ದೂರು ಬಂದು ಎಷ್ಟು ಮುಗಿಯಿತು ಬರೆಯಿರಿ. ದೂರು ಸೊನ್ನೆ ಎಂದಿದ್ದರೆ ಖುಷಿಪಡುವ ಮುನ್ನ, ಸಮಿತಿಯ ಅಧ್ಯಕ್ಷರ ಹೆಸರು ಗೊತ್ತಾ ಎಂದು ಐದು ಜನ ಮಹಿಳಾ ಸಿಬ್ಬಂದಿಯನ್ನು ಕೇಳಿ. ಮುಂದಿನ ಮಾರ್ಚ್ ಒಳಗೆ ಏನು ಆಗಬೇಕು ಎಂಬ ಎರಡು ಗುರಿ, ಹೊಣೆ ಹೊತ್ತವರ ಹೆಸರು ಮತ್ತು ದಿನಾಂಕದ ಸಮೇತ ಕೊನೆಯಲ್ಲಿ ಬರೆದು ಕಚೇರಿ ಮುಖ್ಯಸ್ಥರ ಸಹಿ ಹಾಕಿಸಿ. ಯಾರ ವೈಯಕ್ತಿಕ ವಿವರವೂ ಇಲ್ಲದಂತೆ, ಬರೀ ಸಂಖ್ಯೆಗಳಿರುವ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಮೂಲ ಪ್ರತಿ ರೋಸ್ಟರ್ ರಿಜಿಸ್ಟರಿನ ಒಳಗೇ ಇರಲಿ. ನೀವು ವರ್ಗವಾಗಿ ಹೋಗುವಾಗ ಪ್ರಭಾರ ಪಟ್ಟಿಯಲ್ಲಿ ಎರಡನ್ನೂ ಹೆಸರಿಸಿ, ಬರುವವರ ಕೈಗೆ ಕೊಟ್ಟು ಸಹಿ ತಗೊಳ್ಳಿ.